ಬೆಲ್ಟ್ ಹಾಕ್ಕೊಳ್ಳಿ, ಭಾವ

ಹಲೋ... ಯಾರು ಮಾತಾಡ್ತಿರೋದು? ... ಯಾರು? ... ಸ್ವಲ್ಪ ಜೋರಾಗಿ ಹೇಳಿ, ಹಿಂದೆ ಯಾರೋ ವಾಲಗ ಊದ್ತಿದಾರೆ, ಕೇಳಿಸ್ತಿಲ್ಲ.

...

ಓ, ರೇವಣ್ಣ ಭಾವನೋರಾ! ನಿಮ್ಮ ಧ್ವನಿ ಗುರುತೇ ಸಿಗ್ಲಿಲ್ಲ ನೋಡಿ. ನಮ್ಮನೆ ನಂಬರ್ ನಿಮ್ಮ ಹತ್ರ ಇದೆ ಅಂತ್ಲೂ ಗೊತ್ತಿರಲಿಲ್ಲ. ಎಂತ ಭಾವ, ಮಗನ ದಿಬ್ಬಣ ಹೊರಟ ದಿನ ಈ ಕೃಷ್ಣಮ್ಮನ ನೆನಪು?

...

ಕಾರು ನಿಂತಿದ್ಯಾ? ಎಲ್ಲಿ?

...

ಕೊಟ್ಟಿಗೆಹಾರ ದಾಟಿ, ಮೋರಿ ಹತ್ರ. ಹಾಂ. ದೊಡ್ಡ ನೇರಳೆ ಮರ ಇದೆ, ಅಲ್ವಾ? ಅದರ ಬುಡದಲ್ಲೇ ನಿಲ್ಸಿದಾನಾ? ... ಹಾಂ, ಸರಿಯಾಗೇ ನಿಲ್ಸಿದಾನೆ ಹಾಗಾದ್ರೆ.

...

ಕೆಟ್ಟಿಲ್ಲ ಭಾವ. ಗಾಡಿಗೆ ಏನೂ ಆಗಿಲ್ಲ. ಯೋಗೇಶನಿಗೆ ನಾನೇ ಹೇಳಿದ್ದು, ಅಲ್ಲಿ ನಿಲ್ಸು ಅಂತ. ಅವನ ಮೇಲೆ ಕೂಗಾಡ್ಬೇಡಿ, ಪಾಪ. ಅವನು ನನ್ನ ಡ್ರೈವರು, ನಿಮ್ಮ ತೋಟದ ಆಳಲ್ಲ.

...

ಯಾಕೆ ಅಂದ್ರೆ? ಆ ಸದ್ದು ಕೇಳ್ತಾ ಇಲ್ವಾ ನಿಮಗೆ? ನನಗೇ ಇಲ್ಲಿ ಬಣಕಲ್‌ನಲ್ಲಿ ಕೂತು ಫೋನಲ್ಲಿ ಕೇಳಿಸ್ತಾ ಇದೆ. ಟಿಂಗ್, ಟಿಂಗ್, ಟಿಂಗ್... ಮನೆಯಿಂದ ಹೊರಟಾಗಿಂದ ಹೊಡ್ಕೊಳ್ತಾ ಇರ್ಬೇಕು ಅದು. ಬೆಲ್ಟ್ ಹಾಕ್ಕೊಂಡಿಲ್ಲ ನೀವು. ಮುಂದಿನ ಸೀಟಲ್ಲಿ ಕೂತೋರು ಬೆಲ್ಟ್ ಹಾಕ್ಕೊಳ್ಳೋ ತನಕ ಗಾಡಿ ಮುಂದೆ ಹೋಗಲ್ಲ. ಯಂತ್ರದ ಕಾನೂನಲ್ಲ ಅದು, ನನ್ನದು.

...

ರೇಷ್ಮೆ ಶಲ್ಯ ಮುದುರುತ್ತಾ? ಅಯ್ಯೋ ದೇವ್ರೆ. ಬಿಳಿ ಅಂಗಿ ಮೇಲೆ ಕಪ್ಪು ಪಟ್ಟಿ ಬೀಳುತ್ತಾ? ಈ ಮಾತು ಮೊದಲೂ ಒಂದ್ಸಲ ಕೇಳಿದೀನಿ ಭಾವ, ನಿಮ್ಮ ಬಾಯಲ್ಲೇ. ಯಾವಾಗ ಅಂತ ನಿಧಾನವಾಗಿ ನೆನಪು ಮಾಡ್ಕೊಳ್ಳಿ.

...

ಮುಹೂರ್ತ ಗೊತ್ತು ನನಗೆ. ಸಂಸೆ ಎಷ್ಟು ದೂರ ಅಂತ್ಲೂ ಗೊತ್ತು. ಹುಡುಗಿ ಕಡೆಯವರು ರಸ್ತೆಗೇ ಬಂದು ಕಾಯ್ತಾರೆ ಅಂತ್ಲೂ ಗೊತ್ತು. ನನ್ನನ್ನ ಯಾರೂ ಕರೀದೇ ಇದ್ರೂ ಎಲ್ಲಾ ಗೊತ್ತು.

...

ಹಾಂ? ಕರೆದ್ರಾ? ಯಾರು? ... ನಿಮ್ಮ ಹೆಂಡ್ತಿ, ಅಕ್ಕ ಬಂದಿದ್ರು, ಹೌದು. ಬಂದು ಕಾಫಿ ಕುಡಿದು ಏನಂದ್ರು ಹೇಳ್ಲಾ? 'ಕೃಷ್ಣಮ್ಮ, ದಿಬ್ಬಣದ ಹೊತ್ತಿಗೆ ನೀನು ಎದುರು ಬರೋದು ಬೇಡ, ಬೇಜಾರು ಮಾಡ್ಕೋಬೇಡ, ಊಟಕ್ಕೆ ಬಾ. ಗಾಡಿ ಮಾತ್ರ ಬೆಳಿಗ್ಗೇನೇ ಕಳಿಸು.' ವಿಧವೆ ಬೇಡ, ವಿಧವೆ ಕಾರು ಬೇಕು. ಹೂವಿನ ಹಾರ ಚೆನ್ನಾಗಿ ಕಟ್ಟಿದಾರಾ ಬಾನೆಟ್ಟಿಗೆ?

...

ನಗ್ತಾ ಇಲ್ಲ ಭಾವ. ಅದೇ ಕಾರನ್ನ ನೀವೇನು ಕಮ್ಮಿ ಆಡ್ಕೊಂಡ್ರಾ? ಮೂಡಿಗೆರೆ ಪೇಟೇಲಿ ನಿಂತು, 'ಕೃಷ್ಣಮ್ಮ ವೋಲ್ವೊ ತಗೊಂಡ್ಲಂತೆ, ಇನ್ನು ಟಿಕೆಟ್ ಹರಿಯೋಕೆ ಕಂಡಕ್ಟರ್ ಬೇಕಲ್ಲ' ಅಂದ್ರಿ. ನಮ್ಮ ಕಡೆ ವೋಲ್ವೊ ಅಂದ್ರೆ ಬಸ್ಸು ತಾನೇ. ನಾನೂ ಆ ಹೆಸರು ಮೊದಲು ನೋಡಿದ್ದು ಬೆಂಗಳೂರು ಬಸ್ಸಲ್ಲೇ. ಆಮೇಲೆ ನಿಖಿತಾ ಓದಿ ಹೇಳಿದ್ಲು, ಅಮ್ಮ, ಕಾರೂ ಮಾಡ್ತಾರಂತೆ, ಸ್ವೀಡನ್ ಅನ್ನೋ ದೇಶದವರು, ಬೆಲ್ಟಿನ ಕಂಪನಿ ಇದೇ ಅಂತೆ ಅಂತ.

...

ಕೇಳ್ರಿ, ಕೇಳಿ. ನೀವು ಕೇಳ್ಲೇಬೇಕು. ಆ ಕಂಪನಿಯಲ್ಲಿ ಒಬ್ಬ ಇಂಜಿನಿಯರ್ ಇದ್ದ. ಸೊಂಟಕ್ಕೊಂದು, ಎದೆಗೊಂದು ಪಟ್ಟಿ, ಒಂದೇ ಕೈಲಿ ಹಾಕ್ಕೊಳ್ಳೋ ಹಾಗೆ ಬೆಲ್ಟ್ ಮಾಡಿದ. ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ. ನೀವಿನ್ನೂ ಚಡ್ಡಿ ಹಾಕ್ತಿದ್ರಿ ಆಗ. ಕಂಪನಿ ಅದನ್ನ ತನಗೇ ಅಂತ ಇಟ್ಕೋಬಹುದಿತ್ತು. ಇಟ್ಕೊಳ್ಲಿಲ್ಲ. ಯಾರು ಬೇಕಾದ್ರೂ ಮಾಡ್ಕೊಳ್ಳಿ, ಜನ ಬದುಕ್ಲಿ ಅಂತ ಎಲ್ಲಾ ಕಂಪನಿಗೂ ಬಿಟ್ಟುಕೊಟ್ಟಿತು. ಎಲ್ಲೋ ಹಿಮ ಬೀಳೋ ದೇಶದಲ್ಲಿ ಕೂತೋರು, ನಮ್ಮ ಮುಖ ನೋಡದೋರು, ನಮ್ಮ ಜೀವ ಉಳೀಲಿ ಅಂದ್ರು. ನಮ್ಮ ಮನೇಲೇ ಹುಟ್ಟಿದೋರು...

...

ಉದ್ದ ಆಯ್ತಾ? ಬೇಜಾರಾದ್ರೆ ಇಳೀರಿ. ಹಿಂದೆ ಜೀಪು ಬರ್ತಿದೆಯಲ್ಲ, ಹತ್ಕೊಂಡು ಹೋಗಿ. ಸಂಸೆಯವರ ಮುಂದೆ 'ನಮ್ಮ ಮನೇದೇ ವೋಲ್ವೊ, ಅದರಲ್ಲೇ ಬರ್ತೀವಿ' ಅಂತ ಮೀಸೆ ತಿರುವಿದ್ರಂತೆ. ಮದುಮಗನ್ನ ಪಾತ್ರೆ ತುಂಬಿದ ಜೀಪಲ್ಲಿ ಕೂರಿಸ್ಕೊಂಡು ಹೋಗಿ ಇಳಿಸಿ, ಚೆನ್ನಾಗಿರುತ್ತೆ.

...

ಇಳಿಯಲ್ವಾ? ಹಾಗಾದ್ರೆ ಒಂದು ಕೆಲಸ ಮಾಡಿ. ನಿಮ್ಮ ಮೊಣಕಾಲಿನ ಎದುರಿಗೆ ಒಂದು ಮುಚ್ಚಳ ಇದೆ ನೋಡಿ. ಪೇಪರ್ ಗೀಪರ್ ಇಡೋ ಜಾಗ. ಅದನ್ನ ತೆಗೀರಿ.

...

ತೆಗೀರಿ ಅಂದೆ.

...

ತೆಗೆದ್ರಾ? ... ಒಳಗಿರೋದನ್ನ ಹೊರಗೆ ತೆಗೀರಿ. ಹಲೋ?

...

ಹಾಂ, ಮುಚ್ಚಿಬಿಟ್ರಾ? ಮುಚ್ಚಬೇಡಿ. ಯಾರು ಅದು ಹಿಂದಿಂದ ಕೇಳ್ತಿರೋದು, ನಂದನ್ ಅಲ್ವಾ? ಏನಂದ ಅವನು?

...

'ಇದು ನಮ್ಮ ಟೈಗರ್‌ದು' ಅಂದ್ನಾ! ನೋಡಿ, ಹುಡುಗ ಗುರುತು ಹಿಡಿದ. ಹಿಡೀದೇ ಇರ್ತಾನಾ, ಆ ಕೊರಳಪಟ್ಟಿ ಹಿಡ್ಕೊಂಡೇ ತೋಟ ತುಂಬ ಓಡಾಡ್ತಿದ್ದ ನಾಯಿ ಜೊತೆ. ಫೋನ್ ಅವನಿಗೆ ಕೊಡಿ.

...

ಕೊಡಿ ಭಾವ. ಇಲ್ಲಾಂದ್ರೆ ಯೋಗೇಶ ಕೀಲಿ ತಗೊಂಡು ಇಳಿದು ಮರದ ಕೆಳಗೆ ಕೂರ್ತಾನೆ. ಅದೂ ಹೇಳಿಟ್ಟಿದೀನಿ.

...

ನಂದನ್? ... ಹೂಂ ಮಗನೇ, ಚಿಕ್ಕಮ್ಮನೇ. ಚೆನ್ನಾಗಿರು. ಬಾಸಿಂಗದ ದಿನ ನಿನಗೆ ಇಂಥದ್ದು ಕೇಳಿಸ್ತಿದೀನಿ, ನಿನ್ನ ಮೇಲೆ ನನಗೆ ಏನೂ ಇಲ್ಲ. ನಿಮ್ಮಪ್ಪ ಬೇರೆ ಯಾವ ದಿನವೂ ನನ್ನ ಕೈಗೆ ಸಿಗಲ್ಲ ಮಾರಾಯ, ಅದಕ್ಕೆ. ಆ ಫೋನಿಗೆ ಸ್ಪೀಕರ್ ಇದ್ಯಾ? ಹಾಕು. ಗಾಡೀಲಿರೋರು ಎಲ್ಲರೂ ಕೇಳ್ಲಿ. ಹುಡುಗಿ ಸೋದರಮಾವ ಕರ್ಕೊಂಡು ಹೋಗೋಕೆ ಬಂದಿದಾರಂತಲ್ಲ, ಅವರೂ ಅಲ್ಲೇ ಇದಾರಾ? ... ಒಳ್ಳೇದಾಯ್ತು.

...

ಆ ಪಟ್ಟಿ ಕೈಲಿ ಹಿಡ್ಕೊ. ಬಕಲ್ ಪಕ್ಕ ಕೆಂಪು ಕಲೆ ಇದ್ಯಾ? ... ರಕ್ತ ಅಲ್ಲ, ಹೆದರಬೇಡ. ನೈಲ್ ಪಾಲಿಶ್. ನಿಖಿತಾ ಪುಟ್ಟವಳಿದ್ದಾಗ ನಮ್ಮ ಕಾರಿನ ಮುಂದಿನ ಸೀಟಲ್ಲಿ ಕೂತು ಚೆಲ್ಲಿದ್ದು. ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ. ಅದು ನಾಯಿ ಪಟ್ಟಿಯಲ್ಲ ನಂದನ್. ನಿನ್ನ ಚಿಕ್ಕಪ್ಪನ ಸೀಟ್ ಬೆಲ್ಟು.

...

ಹೇಗೆ ಅಂತ ನಿಮ್ಮಪ್ಪನ್ನ ಕೇಳು. ... ಅವರು ಹೇಳಲ್ವಾ? ನಾನೇ ಹೇಳ್ತೀನಿ. ತೊಂಬತ್ತಾರರಲ್ಲಿ ನಮ್ಮ ಹತ್ರ ಒಂದು ಬಿಳಿ ಕಾರಿತ್ತು. ತಮ್ಮನ ಗಾಡಿ ಅಂದ್ರೆ ತನ್ನದೇ ಅಂತ ನಿಮ್ಮಪ್ಪ ಬೇಕಾದಾಗ ತಗೊಂಡು ಹೋಗೋರು. ಯಾರದೋ ಮದುವೆಗೆ ಹೋಗ್ಬೇಕಿತ್ತು. ಬಿಳಿ ಅಂಗಿ ಮೇಲೆ ಕಪ್ಪು ಪಟ್ಟಿ ಬೀಳುತ್ತೆ ಅಂತ ತಾವು ಕೂರೋ ಎಡಗಡೆ ಸೀಟಿನ ಬೆಲ್ಟ್ ಕತ್ತರಿಸಿದ್ರು. ಸೀಟಿಗೆ ದಪ್ಪ ಕವರ್ ಹೊಲಿಸಿ ಬುಡ ಮುಚ್ಚಿದ್ರು. ಗಟ್ಟಿ ಪಟ್ಟಿ, ಬಿಸಾಕೋಕೆ ಮನಸ್ಸು ಬರಲಿಲ್ಲ. ನಾಯಿ ಕೊರಳಿಗೆ ಕಟ್ಟಿದ್ರು. ನಾಯಿ ಕಳೆದುಹೋಗ್ಬಾರದಲ್ಲ!

...

ಸುಳ್ಳಾ? ಭಾವ, ಸ್ಪೀಕರ್ ಆನ್ ಇದೆ, ಗಟ್ಟಿಯಾಗಿ ಹೇಳಿ ಸುಳ್ಳು ಅಂತ. ನಿಮ್ಮ ತಮ್ಮನ ತಿಥಿ ದಿನ ನಿಮ್ಮ ಅಂಗಳದಲ್ಲಿ ನಾಯಿಗೆ ಎಡೆ ಹಾಕೋಕೆ ಬಗ್ಗಿದೆ ನಾನು. ಕಣ್ಣೆದುರಿಗೇ ಆ ಕೆಂಪು ಕಲೆ. ಅನ್ನದ ಎಲೆ ಕೈಜಾರಿ ಬಿತ್ತು. ನೀವು ನೋಡಿ, 'ಈ ಹೆಂಗಸಿಗೆ ತಲೆ ಕೆಟ್ಟಿದೆ' ಅಂದ್ರಿ. ಮುಂದೆ ಟೈಗರ್ ಮುದಿಯಾಗಿ ಸತ್ತಾಗ ನಿಮ್ಮ ತೋಟದ ಆಳು ಗುರುವಯ್ಯ ಹೂಳೋಕೆ ಹೋಗಿದ್ದ. ಅವನ ಹತ್ರ ಕೇಳಿ ಇಸ್ಕೊಂಡೆ. ಆ ನಾಯಿ ತನ್ನ ಆಯಸ್ಸು ಪೂರ್ತಿ ಬದುಕ್ತು ಭಾವ.

...

ಜನ ಇಳಿದು ಬರ್ತಿದಾರಾ ಹಿಂದಿನ ಗಾಡಿಗಳಿಂದ? ಬರ್ಲಿ. ಕಿಟಕಿ ಇಳಿಸು ಯೋಗೇಶ.

...

ಏನಂದ್ರಿ? ... ಇನ್ನೊಂದ್ಸಲ... 'ಹೌದು, ಬೆಲ್ಟ್ ಕತ್ತರಿಸಿದ್ದು ನಾನು.' ಹಾಂ. ಬಂತಲ್ಲ ಬಾಯಿಗೆ. ಈಗ ಇನ್ನೊಂದು ಹೇಳಿ. ನಿಮ್ಮ ತಮ್ಮ ಸತ್ತ ದಿನ, ಇದೇ ಮೋರಿಗೆ ಗುದ್ದಿದಾಗ, ಗಾಡಿ ಓಡಿಸ್ತಿದ್ದೋರು ಯಾರು?

...

ಯಾರು ಭಾವ?

...

ನಂದನ್, ನಿನಗೂ ಹೇಳಿದಾರಲ್ವಾ, ಚಿಕ್ಕಪ್ಪ ಕುಡಿದು ಓಡಿಸಿ ಸತ್ತ ಅಂತ? ಪೊಲೀಸರಿಗೂ ಅದೇ, ನೆಂಟರಿಗೂ ಅದೇ. ನಿಖಿತಾನ ಸ್ಕೂಲಲ್ಲಿ ಕುಡುಕನ ಮಗಳು ಅಂದ್ರು. ಬಂದು ನನ್ನನ್ನ ಕೇಳಿದ್ಲು, 'ಅಪ್ಪ ಕುಡೀತಿದ್ರಾ' ಅಂತ. ಆ ಮನುಷ್ಯ ಕುಡೀತಿದ್ದದ್ದು ಬೆಲ್ಲದ ಕಾಫಿ. ಗಾಡಿ ಎಳೆದು ತಂದು ನಮ್ಮ ಅಂಗಳದಲ್ಲಿ ಬಿಟ್ಟಾಗ ನಾನು ನೋಡಿದೀನಿ. ಗಾಜು ಒಡೆದಿದ್ದು ಎಡಗಡೆ. ಅವರ ಚಪ್ಪಲಿ ಎಡಗಡೆ. ಸ್ಟೇರಿಂಗ್ ಕಡೆ ಇದ್ದದ್ದು ನಿಮ್ಮಪ್ಪನ ಎಲೆಅಡಿಕೆ ಡಬ್ಬಿ. ಕೇಳಿದ್ದಕ್ಕೆ, ಹೆಂಗಸರಿಗೆ ಗಾಡಿ ವಿಷಯ ಏನು ಗೊತ್ತು ಅಂದ್ರು. ಈಗ ಗೊತ್ತು. ಗಾಡಿ ವಿಷಯ ಎಲ್ಲಾ ಗೊತ್ತು.

...

ಇಲ್ಲ, ನಂದನ್, ನೀನು ಅಳಬೇಡ. ... ಏನಂದೆ? ... ಹೇಳೋ ತನಕ ಮದುವೆಗೇ ಹೊರಡಲ್ಲ ಅಂದ್ಯಾ? ... ಹಾಗೆಲ್ಲ ಅನ್ಬೇಡ ಮಗನೇ, ಆ ಹುಡುಗಿ ಏನು ಮಾಡಿದಾಳೆ. ... ಸರಿ. ಅಪ್ಪನ ಮುಖ ನೋಡು, ನೀನೇ ಕೇಳು.

...

...

ಹಾಂ. ಕೇಳಿಸ್ತು. ಹೆಸರು ಹಿಡಿದು ಹೇಳಿ ಭಾವ, ನಾನು ಗಂಡನ ಹೆಸರು ಹೇಳೋ ಹಾಗಿಲ್ಲ. ನೀವು ಹೇಳಿ. ಎಲ್ಲರಿಗೂ ಕೇಳ್ಲಿ.

...

'ನಾಗೇಶ ಕುಡಿದಿರಲಿಲ್ಲ. ನಾನು ಓಡಿಸ್ತಿದ್ದೆ.' ... ಹೂಂ.

...

ಹಲೋ? ಇನ್ನೂ ಏನೋ ಅಂತಿದೀರಿ... ಏನು? ... ಯಾರು ಹುಡುಕಿದ್ರು? ... ಬೆಲ್ಟ್?

...

ನಿಲ್ಲಿ. ಸ್ವಲ್ಪ ನಿಲ್ಲಿ ಭಾವ. ಗಾಡಿ ಹತ್ತಿದ ಕೂಡ್ಲೇ ಅವರು ಭುಜದ ಹತ್ರ ಕೈ ಹಾಕಿ ಬೆಲ್ಟ್ ಹುಡುಕಿದ್ರಾ? ... 'ಅಣ್ಣ, ಬೆಲ್ಟ್ ಎಲ್ಲಿ' ಅಂದ್ರಾ? ... ನೀವೇನಂದ್ರಿ?

...

ನಕ್ಕಿದ್ರಿ.

...

ಇಲ್ಲ... ಇದೀನಿ ಲೈನಲ್ಲಿ. ... ಇದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಏನೇನೋ ಅಂದ್ಕೊಂಡಿದ್ದೆ, ಇದೊಂದು ಅಂದ್ಕೊಂಡಿರಲಿಲ್ಲ. ಅವರು ಕೈ ಹಾಕಿದ್ರಾ ಅಲ್ಲಿಗೆ... ಬರಿಗೈ...

...

ಹೊಟ್ಟೆ ತಣ್ಣಗಾಯ್ತಾ ಅಂತ ಕೇಳ್ತೀರಾ? ಇಲ್ಲ ಭಾವ. ಆಗುತ್ತೆ ಅಂದ್ಕೊಂಡಿದ್ದೆ. ಈಗ ಇನ್ನೂ ಉರೀತಿದೆ.

...

ಬೇಡ, ಕಾಲಿಗೆ ಬೀಳೋದು ಬೇಡ. ನಿಮ್ಮ ಕಣ್ಣೀರು ನಿಮ್ಮ ಹತ್ರಾನೇ ಇರ್ಲಿ. ನಾನು ಕೇಳಿದ್ದು ಒಂದು ಬಾಕಿ ಇದೆ. ಆ ಸದ್ದು ಇನ್ನೂ ಹೊಡ್ಕೊಳ್ತಾ ಇದೆ, ಕೇಳ್ತಿಲ್ವಾ? ನಿಮ್ಮ ಎಡಭುಜದ ಹತ್ರ ಕೈ ಹಾಕಿ. ಅವರು ಹಾಕಿದ ಹಾಗೆ. ... ಸಿಕ್ತಾ? ... ಸಿಕ್ತಲ್ಲ ನಿಮಗೆ! ಎಳೀರಿ. ಶಲ್ಯದ ಮೇಲೇ ಬರ್ಲಿ. ಬಿಳಿ ಅಂಗಿ ಮೇಲೆ ಚೆನ್ನಾಗಿ ಪಟ್ಟಿ ಬೀಳ್ಲಿ.

...

ನಿಮ್ಮನ್ನ ಸಾಯಿಸೋಕೆ ಗಾಡಿ ಕಳಿಸಿದೆ ಅಂದ್ಕೊಂಡ್ರಾ? ಅಯ್ಯೋ, ಅಷ್ಟು ಸುಲಭಕ್ಕೆ ಬಿಡ್ತೀನಾ? ನೀವು ಬದುಕ್ಬೇಕು ಭಾವ. ಚೆನ್ನಾಗಿ, ತುಂಬಾ ವರ್ಷ. ದಿನಾ ಬೆಳಿಗ್ಗೆ ಎದ್ದು ಈ ಮಗನ ಮುಖ ನೋಡ್ಬೇಕು. ಬೀಗರ ಮುಖ ನೋಡ್ಬೇಕು. ಊರವರು ನಿಮ್ಮ ಮುಖ ನೋಡ್ಬೇಕು. ಜೀವ ಉಳಿಸೋ ಗಾಡಿ ಅಂತ ಹುಡುಕಿ ಹುಡುಕಿ ತಂದಿದೀನಿ. ನಿಮ್ಮ ಕೂದಲು ಕೂಡ ಕೊಂಕೋಕೆ ಬಿಡಲ್ಲ.

...

ಹಾಕಿ.

...

ಟಕ್ ಅಂತು. ... ನಂದನ್, ಸದ್ದು ನಿಲ್ತಾ? ... ಹಾಂ, ನಿಲ್ತು. ನೀನೂ ಹಾಕ್ಕೊ ಮಗನೇ. ಬಾಸಿಂಗ ಓರೆಯಾದ್ರೆ ಸರಿ ಮಾಡ್ಕೊಬಹುದು. ಆ ಪಟ್ಟೀನ ಬಿಸಾಕ್ಬೇಡ, ನನಗೆ ತಂದುಕೊಡು. ಅದರಲ್ಲಿ ನಿಖಿತಾನ... ಅವರ ಕೈಗೆ ಸಿಗದೇ ಇದ್ದದ್ದು ಅದು.

...

ಬರಲ್ಲ ನಾನು. ಊಟಕ್ಕೂ ಬರಲ್ಲ. ಹುಡುಗೀನ ಇದೇ ಗಾಡೀಲಿ ಕರ್ಕೊಂಡು ಬಾ. ಮೊದಲು ಅವಳಿಗೆ ಬೆಲ್ಟ್ ಹಾಕು, ಆಮೇಲೆ ನೀನು ಕೂತ್ಕೊ.

...

ಯೋಗೇಶ, ಹೊರಡು. ತಿರುವಲ್ಲಿ ಹಾರ್ನ್ ಹೊಡಿ, ನಿಧಾನ. ಅದು ದಾಟಿದ್ರೆ ಅಲ್ಲಿ ಟವರ್ ಸಿಗಲ್ಲ. ಭಾವ, ಕೇಳ್ತಿದೀರಾ? ಅವರು ಬೆಲ್ಟ್ ಕೇಳಿದಾಗ ಹೇಗೆ ನಕ್ಕಿದ್ರಿ, ಒಂದ್ಸಲ ನಕ್ಕು ತೋರ್ಸಿ ನೋಡೋಣ. ನಾನೂ ಕೇಳ್ಬೇಕು. ... ನಗಿ ಭಾವ. ... ಹಲೋ? ... ಭಾವ? ... ಹಲೋ...