ತೊಳೆಯದ ಕತ್ತರಿ

ಆದೋನಿಯ ಬೇವಿನ ಕಟ್ಟೆಯ ಮೇಲೆ ಚಿಪ್ಪಗಿರಿ ಬಸ್ಸಿಗೆ ಕಾದಿದ್ದ ಶೇಷಮ್ಮನ ಬೆನ್ನ ಹಿಂದೆ, ಕುರಿ ಉಣ್ಣೆ ಕತ್ತರಿಸುವ ಅಂಜಿನಪ್ಪ ತನ್ನ ಮಾವನಿಗೆ ಹೇಳುತ್ತಿದ್ದ.

"ಗೌಡರ ಟಗರಿನ ದವಡಿ ಕೆಳಗಿನ ಗಂಟು ಕತ್ತರಿ ತಾಗಿ ಒಡೀತು ಮಾವ. ಗಟ್ಟಿ ಮೊಸರಿನಂಥ ಕೀವು, ನಾತನ ಇಲ್ಲ."

"ಕತ್ತರಿ ತೊಳದಿಯೇನೋ?"

"ಗೌಡ್ರು ಬಿಡ್ತಾರೇನು? ಮೊದಲ ಕತ್ತರಿ ಅವರ ಕುರಿಗೆ, ಆ ಪುಣ್ಯ ತೊಳೀದಂಗ ಬಡವರ ಕುರಿಗೆ ದಾಟಬೇಕಂತ."

"ದಾಟೇತಿ ಬಿಡು. ಹೋದ ವರ್ಷ ನಾವು ಕತ್ತರಿಸಿದ ಹಟ್ಟಿಗಳಾಗೆಲ್ಲ ಅದೇ ಗಂಟು. ಕುರಿ ಮೇಯ್ತಾವ, ಒಳಗಿಂದ ಒಣಗತಾವ. ಕೊಯ್ದರ ಪುಪ್ಪಸದಾಗ ಉಳ್ಳಾಗಡ್ಡಿ ಪದರದಂಥ ಕೀವು."

"ಗೌಡರ ಪುಣ್ಯಕ್ಕ ಬಡವರ ಹಟ್ಟಿ ದಾರಿ ಚಲೋ ಗೊತ್ತೈತಿ! ಮಾವ, ನನ್ನ ಕಂಕುಳ ಮುಟ್ಟಿ ನೋಡು. ನೋವಿಲ್ಲ."

ಮಾವ ಮುಟ್ಟಿದ. ಬೆರಳಿಗೆ ಅಂಥದೇ ಗಂಟು ಸಿಕ್ಕಿತು; ಕೈ ಪಂಚೆಗೆ ಒರೆಸಿಕೊಂಡ.

ಬಸ್ಸು ಬಂತು. ಇಬ್ಬರೂ ಎದ್ದರು.

"ಇವತ್ತು ಯಾರ ಹಟ್ಟಿ?" ಮಾವ ಕೇಳಿದ.

"ಚಿಪ್ಪಗಿರಿ ಶೇಷಮ್ಮಂದು. ಆಕಿ ಸೊಸಿ ಕುರಿ ಮೈ ತೊಳೆದು ಸಾಲಾಗಿ ನಿಲ್ಲಿಸ್ಯಾಳಂತ."

ಮಾತು ಮುಗಿಯುವಷ್ಟರಲ್ಲಿ ಇಬ್ಬರೂ ನೂಕುನುಗ್ಗಲಲ್ಲಿ ಬಸ್ಸು ಹತ್ತಿದ್ದರು. ಶೇಷಮ್ಮ ಕೂಗುತ್ತ ಓಡಿದಳು. ಜಾಗವಿಲ್ಲವೆಂದು ಕಂಡಕ್ಟರ್ ಬಾಗಿಲು ಎಳೆದ. ಹಿಂದಿನ ಕಿಟಕಿಯಲ್ಲಿ, ಬಟ್ಟೆಯಲ್ಲಿ ಸುತ್ತಿದ ಕತ್ತರಿ ಅವಳಿಗಿಂತ ಮೊದಲೇ ಅವಳ ಊರಿಗೆ ಹೊರಟಿತ್ತು.