ಮೊಳೆ ಹೊಡೆಯಬಾರದ ಹಲಗೆ

ಸಂಜೆ ಮಳೆ ಹಿಡಿದುಕೊಂಡಿತು. ಸಮುದ್ರದೊಳಕ್ಕೆ ಚಾಚಿದ ಹಳೇ ಮರದ ಜೆಟ್ಟಿಯ ತುದಿಯಲ್ಲಿ, ಹಿಂದೆ ದೋಣಿಗೆ ಕಾಯುವವರು ಕೂರುತ್ತಿದ್ದ ತಗಡಿನ ಮಾಡಿನ ಕೆಳಗೆ, ರಿಪೇರಿ ಕೆಲಸದವರೆಲ್ಲ ಮುದುಡಿ ಕೂತರು. ನಾಳೆ ಜೆಟ್ಟಿಯನ್ನು ಜನರಿಗೆ ಬಿಟ್ಟುಕೊಡಬೇಕು. ಮೇಸ್ತ್ರಿಗೆ ಮೈಯೆಲ್ಲ ನೋವು, ಮನೆಗೆ ಹೋಗಿ ಬಿದ್ದುಕೊಂಡರೆ ಸಾಕಾಗಿತ್ತು. ಅಲುಗಾಡುತ್ತಿದ್ದ ಕೊನೆಯ ಹಲಗೆಗೂ ಮೊಳೆ ಹೊಡೆದಾಯಿತು ಎಂದು ಅವನು ಹೇಳಿದ್ದೇ ತಡ, ಉಳಿ ಹಿಡಿದೇ ಮುದುಕನಾಗಿದ್ದ ಉಳಿತಾತ ತಲೆಯೆತ್ತಿದ.

"ಹೊಡೆದೇಬಿಟ್ಟೆಯಾ?... ಕೇಳ್ರಪ್ಪಾ ಹಾಗಾದ್ರೆ, ಇನ್ನೊಂದ್ಸಲ ಹೇಳೋ ಶಕ್ತಿ ನನಗಿಲ್ಲ.

"ನಮ್ಮ ಭಾವ, ಅಂದ್ರೆ ಅಕ್ಕನ ಗಂಡ, ನೀರಿಳಿದಾಗ ಈ ಜೆಟ್ಟಿ ಕೆಳಗಿಳಿದು, ಕಂಬಕ್ಕೆ ಕಚ್ಚಿಕೊಂಡ ಚಿಪ್ಪು ಕೆರೆದು, ಮರ ಎಲ್ಲಿ ಕೊಳೆತಿದೆ ಅಂತ ಹುಡುಕಿ, ನೀರೇರೋಕೆ ಮುಂಚೆ ಮೇಲೆ ಬರ್ತಿದ್ದ. ಬರೋದು ಎಲ್ಲಿಂದ? ಪಕ್ಕಕ್ಕೆ ಹೋದ್ರೆ ಅಲೆ ಎಳ್ಕೊಂಡು ಹೋಗುತ್ತೆ. ಅದಕ್ಕೇ ಒಂದು ಹಲಗೆಗೆ ಮೊಳೆ ಹೊಡೀತಿರಲಿಲ್ಲ... ಕೆಳಗಿಂದ ತಟ್ಟಿದ್ರೆ ಮೇಲಿನವರು ಎತ್ತೋದು. ಹಲಗೆ ಪಕ್ಕ ಅವನ ಚಪ್ಪಲಿ ಇದ್ರೆ ಅವನಿನ್ನೂ ಕೆಳಗಿದಾನೆ ಅಂತ ಲೆಕ್ಕ. ರಿಪೇರಿ ಮುಗಿದ ದಿನ ಹಿಂಗೇ ಮಳೆ. ಯಾರೋ ಪುಣ್ಯಾತ್ಮ, ನೆನೆಯುತ್ತೆ ಪಾಪ ಅಂತ, ಚಪ್ಪಲಿ ತಂದು ಒಳಗಿಟ್ಟ! ಚಪ್ಪಲಿ ಇಲ್ಲ, ಸರಿ, ಭಾವ ಮನೆಗೆ ಹೋದ ಅಂತ ಆಗಿನ ಮೇಸ್ತ್ರಿ ಮೊಳೆ ಹೊಡೆದ. ಆಮೇಲೆ ಎಲ್ರೂ ಇಲ್ಲೇ, ಹಿಂಗೇ ಕೂತು, ಬೀಡಿ ಸೇದಿ ನಗಾಡಿದ್ರಂತೆ. ತಟ್ಟೋ ಸದ್ದು ಕೇಳಿಸ್ತಂತೆ ಕಣ್ರೋ... ತಗಡಿನ ಮೇಲಿನ ಮಳೆ ಅಂದ್ಕೊಂಡ್ರಂತೆ. ಎಂಥಾ ಕರ್ಮ ಹೇಳಿ? ಅಕ್ಕ ತಟ್ಟೆ ಹಾಕಿಟ್ಟು ಬಾಗಿಲು ನೋಡ್ತಾನೇ ಕೂತಿದ್ಲು.

"ಅಲ್ಲಿಂದೀಚೆಗೆ ಪ್ರತಿ ರಿಪೇರಿಗೂ ಯಾರೋ ಒಬ್ರು ಆ ಹಲಗೆಗೆ ಮೊಳೆ ಹೊಡೀತಾರೆ, ನಾನು ಬಂದು ಕೀಳ್ತೀನಿ. ಕಿತ್ರೆ ಸುಮ್ನಾಗ್ತಾನೆ. ಈಗ ನನ್ನ ಕೈಲಿ ತ್ರಾಣ ಇಲ್ಲ. ಅವನು ಯಾರಿಗೂ ಕೆಟ್ಟದ್ದು ಮಾಡೋನಲ್ಲ ಕಣ್ರಪ್ಪಾ, ದಣಿದಿದಾನೆ... ಮನೆಗೆ ಹೋಗ್ಬೇಕು, ಅಷ್ಟೇ."

"ಹಲಗೆ ಸಡಿಲ ಬಿಟ್ಟು ನಾಳೆ ಯಾವುದಾದ್ರೂ ಮಗು ಎಡವಿ ನೀರಿಗೆ ಬಿದ್ರೆ, ತಾತಾ?" ಎಂದ ಮೇಸ್ತ್ರಿ. ಕೇಳಿದ್ದು ನ್ಯಾಯವಾಗಿಯೇ ಇತ್ತು.

"ಅದೂ ನಿಜಾನೇ. ನಿನ್ನ ಕಷ್ಟ ನಿನಗೆ." ತಾತ ಹೊರಗೆ ಕೈಚಾಚಿ, ಒಂದು ಹನಿಯೂ ಬೀಳದ ಅಂಗೈಯನ್ನು ಎಲ್ಲರಿಗೂ ತೋರಿಸಿದ. "ಅಲ್ಲಾ, ಮಳೆ ನಿಂತು ಆಗ್ಲೇ ಎಷ್ಟೊತ್ತಾಯ್ತು... ಹಾಗಾದ್ರೆ ಇದೇನ್ರಪ್ಪಾ ಸದ್ದು?"

ಮೇಸ್ತ್ರಿ ಎದ್ದು, ಮೊಳೆ ಕೀಳುವ ಸುತ್ತಿಗೆಗಾಗಿ ಕತ್ತಲಲ್ಲಿ ತಡಕಾಡಿದ.

"ಬೇಗ ಹೋಗಪ್ಪಾ," ಎಂದ ತಾತ. "ಕೆಳಗೆ ನೀರೇರ್ತಿದೆ."