ಬುಡದಲ್ಲಿ ಹಗ್ಗ ಹಿಡಿದವನ ಮಾತು

ಮಾನ್ಯ ಅಧ್ಯಕ್ಷರೇ, ಅರಣ್ಯ ಇಲಾಖೆಯ ಅಧಿಕಾರಿಗಳೇ, ಸಸಿಮಡಿಗಳಲ್ಲಿ ದುಡಿಯುವ ಬಂಧುಗಳೇ, ಸಭಿಕರೇ, ಮತ್ತು ಈಗತಾನೆ ಕೊಟ್ಟ ಫಲಕವನ್ನು ಕುರ್ಚಿಯ ಕೆಳಗೆ ಬಚ್ಚಿಟ್ಟು ಕುಳಿತಿರುವ ನನ್ನ ತಂಗಿಯೇ,

ಜೀವಮಾನವೆಲ್ಲ ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದವನನ್ನು ಮರ ಬೆಳೆಸುವವರ ಸಭೆಗೆ ಕರೆದು ಮೈಕು ಕೊಟ್ಟಿದ್ದೀರಿ. ನಿಮ್ಮ ಧೈರ್ಯ ದೊಡ್ಡದು.

ಕಾಡಿಗೆ ಸೌಖ್ಯವಿಲ್ಲ ಎಂದು ನನಗೆ ತಿಳಿದದ್ದು ಗರಗಸದ ಮುಂದೆ ನಿಂತಾಗ. ಹಳೆಯ ದಿಮ್ಮಿಗಳನ್ನು ಸೀಳಿದರೆ ಒಳಗಿನ ಉಂಗುರಗಳು ಬೆರಳಗಲ ಇರುತ್ತಿದ್ದವು. ಈಚಿನ ಬಿಸಿಲಿನ ವರ್ಷಗಳ ಉಂಗುರಗಳೋ, ಉಗುರಿನ ಅಂಚಿನಷ್ಟು. ಆಮೇಲೆ ತೊಗಟೆ ಕೊರೆಯುವ ಹುಳು ಬಂತು. ನೀರುಂಡ ಮರ ಅಂಟು ಸುರಿಸಿ ಹುಳುವನ್ನು ಆಚೆ ನೂಕುತ್ತದೆ. ಬಾಯಾರಿದ ಮರ ಅಂಟನ್ನು ಎಲ್ಲಿಂದ ತಂದೀತು? ಬೆಟ್ಟದ ಬಿಸಿಲ ಮಗ್ಗುಲಿನ ಕಾಡು ನಮ್ಮ ಕಣ್ಣೆದುರೇ ಕೆಂಪಾಗಿ ನಿಂತಲ್ಲೇ ಒಣಗಿತು. ನಡುವೆ ಅಲ್ಲೊಂದು ಇಲ್ಲೊಂದು ಮರ ಮಾತ್ರ ಹಸಿರಾಗಿ ಉಳಿಯಿತು. ನಾವೆಲ್ಲ ಸತ್ತ ಮರಗಳನ್ನು ನೋಡಿ ನಿಟ್ಟುಸಿರು ಬಿಟ್ಟೆವು. ನನ್ನ ಈ ತಂಗಿ ಉಳಿದವುಗಳನ್ನು ನೋಡಿದಳು. "ಅಣ್ಣ, ಇಷ್ಟು ಬಿಸಿಲು ತಿಂದೂ ಬದುಕಿದಾವೆ ಅಂದ್ರೆ ಇವುಗಳ ಮಕ್ಕಳೂ ಗಟ್ಟಿ ಇರಬಹುದಲ್ವಾ? ಬೀಜ ಇವುಗಳದ್ದೇ ಬೇಕು" ಎಂದಳು.

ಮೊದಲ ಸಲ ಸೋತಳು, ಅದನ್ನೂ ಹೇಳಿಬಿಡುತ್ತೇನೆ. ಪ್ರತಿ ವರ್ಷದ ರೂಢಿಯಂತೆ ಅದೇ ತಿಂಗಳು ಮರ ಹತ್ತಿ, ಚೀಲಗಟ್ಟಲೆ ಕಾಯಿ ಇಳಿಸಿದಳು. ಬಿತ್ತಿದ ಮಡಿಗಳಲ್ಲಿ ಒಂದು ಮೊಳಕೆಯಿಲ್ಲ. ಸೆಕೆಗೆ ಮರಗಳು ಮುಂಚೆಯೇ ಹೂಬಿಟ್ಟು ಒಳ್ಳೆಯ ಬೀಜವನ್ನೆಲ್ಲ ಉದುರಿಸಿಬಿಟ್ಟಿದ್ದವು, ಉಳಿದದ್ದು ಜೊಳ್ಳು. ಬೇರೆ ಯಾರಾದರೂ ಆಗಿದ್ದರೆ ಮಣ್ಣನ್ನು ಬೈಯುತ್ತಿದ್ದರು. ಇವಳು ಗೋಡೆಯ ಕ್ಯಾಲೆಂಡರನ್ನು ಕಿತ್ತು ಬೀಜ ಒಣಗಿಸಲು ಹಾಸಿದಳು. ಅಂದಿನಿಂದ ಕೆಳಗಿನ ಕೊಂಬೆಯ ಬೀಜವೊಂದನ್ನು ಬ್ಲೇಡಿನಲ್ಲಿ ಸೀಳಿ, ತಿರುಳು ತುಂಬಿ ಬೆಳ್ಳಗಿದ್ದರೆ ಮಾತ್ರ ಹತ್ತುತ್ತಾಳೆ.

ನಾನು ಇವಳ ಜೊತೆಗೆ ಸೇರಿದ್ದು ಹೇಗೆಂದು ಕೇಳುತ್ತೀರಾ? ಹೆಂಡತಿ ಹೋದ ಮೇಲೆ ಮಿಲ್ಲು ಬಿಟ್ಟು ಮನೆಯಲ್ಲಿ ಕೂತಿದ್ದೆ. ಒಂದು ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತು, "ಗೋಡೆ ನೋಡ್ಕೊಂಡು ಕೂತಿದ್ದು ಸಾಕು. ಬಾ, ಮರ ನೋಡು. ನಂಗೆ ಕೆಳಗೆ ಹಗ್ಗ ಹಿಡಿಯೋರು ಬೇಕು" ಎಂದಳು. ಹಗ್ಗ ಹಿಡಿಯಲು ಜನ ಇರಲಿಲ್ಲವೇ? ಇದ್ದರು. ಅದು ನನಗೆ ಆಮೇಲೆ ತಿಳಿಯಿತು. ಇರಲಿ, ವಿಷಯಕ್ಕೆ ಬರುತ್ತೇನೆ.

ಬಾಯಾರಿದ ಮರದ ಕೊಂಬೆಯನ್ನು ನಂಬುವಂತಿಲ್ಲ. ಹೊರಗೆ ಹಸಿರು, ಒಳಗೆ ಒಣಕಲು. ಕತ್ತಿಯ ಹಿಂಬದಿಯಿಂದ ಬಡಿದು ಸದ್ದು ಕೇಳಿಯೇ ಕಾಲಿಡುತ್ತಾಳೆ. ಆದರೂ ಈ ಬೇಸಿಗೆಯಲ್ಲಿ ಎಲೆ ತುಂಬಿದ ಕೊಂಬೆಯೊಂದು ಕಾಲಡಿಯಲ್ಲೇ ಮುರಿಯಿತು. ಸೊಂಟಕ್ಕೆ ಕಟ್ಟಿದ ಹಗ್ಗ ಗಟ್ಟಿ ಕವಲಿನ ಮೇಲಿಂದ ಹಾದುಬಂದಿತ್ತು, ಪುಣ್ಯ. ತೂಗಾಡುತ್ತಲೇ ಕೂಗಿದಳು: "ಅಣ್ಣ, ಮೊದಲು ಹಗ್ಗ ಗಟ್ಟಿ ಹಿಡ್ಕೋ. ಬೈಯೋದಿದ್ರೆ ಆಮೇಲೆ ಬೈಯುವಿಯಂತೆ." ಇಳಿದವಳು ಮಾಡಿದ ಮೊದಲ ಕೆಲಸವೇನು? ನೀರು ಕೇಳಿದಳೇ? ಕೂತಳೇ? ಸೊಂಟದ ಚೀಲದಿಂದ ಬೀಜ ತೆಗೆದು ಸೀಳಿ ನನ್ನ ಮುಂದೆ ಹಿಡಿದಳು. ಬೆಳ್ಳಗಿತ್ತು. ಬೈಯಲು ಬಾಯಿ ತೆರೆದವನು ಹಗ್ಗ ಸುತ್ತಿಡತೊಡಗಿದೆ. ಹಗ್ಗ ಉಜ್ಜಿ ಅಂಗೈ ಚರ್ಮ ಸುಲಿದದ್ದು ಮನೆಗೆ ಬಂದ ಮೇಲೆ ಉರಿಯಿತು. ಹೊರಗೆ ಮಡಿಗಳಲ್ಲಿ ನಿಂತಿರುವ ಸಸಿಗಳು ಆ ಬೀಜದವು. ಊಟಕ್ಕೆ ಹೋಗುವಾಗ ನೋಡಿಕೊಂಡು ಹೋಗಿ.

ಈಗ ಒಂದು ಗುಟ್ಟು. ಬೆಳಿಗ್ಗೆ ಇವಳ ಮಗಳು ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು: "ಮಾವ, ಇನ್ಮೇಲೆ ಮರ ಹತ್ತಬೇಡ ಅಂತ ಸ್ಟೇಜ್ ಮೇಲೆ ನೀವೇ ಹೇಳಿಬಿಡಿ. ಅಷ್ಟು ಜನರ ಎದುರು ನಿಮ್ಮ ಮಾತಿಗೆ ಅಮ್ಮ ಇಲ್ಲ ಅನ್ನಲ್ಲ." ತಂಗಿಯ ಗಂಡನೂ ತಲೆಯಾಡಿಸಿದರು. ನಾನು ಒಪ್ಪಿದೆ. ಬರುವ ದಾರಿಯಲ್ಲಿ ಆ ಮಾತನ್ನು ಬಾಯಿಪಾಠ ಮಾಡಿದೆ. ಮಗು ಹೇಳಿದ್ದು ತಪ್ಪೇ? ಅಲ್ಲ. ಆ ಕೊಂಬೆಯ ಸದ್ದು ನನಗೆ ಇನ್ನೂ ಕೇಳುತ್ತದೆ.

ಆದರೆ ತಂಗಿ, ನಾನು ಹೇಳಿದರೆ ನೀನು ಇಲ್ಲ ಎನ್ನುವುದಿಲ್ಲ. ಅದು ಗೊತ್ತಿರುವುದರಿಂದಲೇ ಹೇಳಲಾರೆ.

ತಂಗಿಯ ಮಗಳು ನನ್ನನ್ನು ನೋಡುತ್ತಿರುವ ರೀತಿಗೆ ಇವತ್ತು ನನಗೆ ಊಟ ಸಿಗುವುದು ಅನುಮಾನ. ಅವಳಿಗೂ ಒಂದು ಮಾತು: ಇನ್ನು ಎರಡು ಹಗ್ಗ ಹಾಕೋಣ. ಎರಡನೆಯದನ್ನು ನೀನು ಹಿಡಿ. ಹೇಗೆ ಹಿಡಿಯುವುದೆಂದು ನಾನು ಕಲಿಸುತ್ತೇನೆ, ನನ್ನ ಅಂಗೈಗೂ ವಯಸ್ಸಾಯಿತು.

ಬೆಟ್ಟದ ನೆತ್ತಿಯ ಏಣಿನ ಮೇಲೆ ಒಂಟಿಯಾಗಿ ಉಳಿದ ಮರ ಈ ಸಲ ಕಾಯಿ ಹಿಡಿದಿದೆಯಂತೆ. ಗಾಳಿಯಿಲ್ಲದ ಬೆಳಿಗ್ಗೆ ನೋಡಿ ಹೇಳಿಕಳಿಸು ತಂಗಿ. ನಾವಿಬ್ಬರೂ ಬುಡದಲ್ಲಿರುತ್ತೇವೆ.

ಇಷ್ಟು ಹೊತ್ತು ಮರ ಕೊಯ್ದವನ ಮಾತನ್ನು ತಾಳಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.